ಒಂದೇ ಚಿತ್ರದ ಸುತ್ತ ಲ್ಯಾಟಿನ್, ಪರ್ಷಿಯನ್, ಹೀಬ್ರೂ ಅಕ್ಷರ: ಈ ಪುಸ್ತಕ ಅಸಲಿಯಾ?

ಕೋಟೆಕಲ್ಲು:
ವಾಟ್ಸಾಪ್‌ನಲ್ಲಿ ಒಂದು ಚಿತ್ರ ಓಡಾಡುತ್ತಿದೆ, ನೀವೂ ನೋಡಿರಬಹುದು. ಕುದುರೆ ಸವಾರರ ಯುದ್ಧ. ಮೈತುಂಬ ಸರಪಳಿ ಅಂಗಿ, ತಲೆಗೆ ಡಬ್ಬದ ಥರ ಶಿರಸ್ತ್ರಾಣ. ಒಬ್ಬ ಇನ್ನೊಬ್ಬನ ತಲೆಯನ್ನು ಶಿರಸ್ತ್ರಾಣ ಸಮೇತ ಸೀಳುತ್ತಿದ್ದಾನೆ, ರಕ್ತ ಚಿಮ್ಮುತ್ತಿದೆ. ನೀಲಿ, ಕೆಂಪು ನಿನ್ನೆ ಮೊನ್ನೆ ಹಚ್ಚಿದ ಹಾಗಿವೆ. ಅಂಚಿನಲ್ಲಿ ಲ್ಯಾಟಿನ್ ಬರಹ. ಅದರ ಪಕ್ಕ ಪರ್ಷಿಯನ್. ಇನ್ನೊಂದು ಕಡೆ ಹೀಬ್ರೂ ಅಕ್ಷರ. ಕೆಳಗೆ ಯಾರೋ "800 ವರ್ಷ ಹಳೆಯ ಪುಸ್ತಕ, ಫ್ರಾನ್ಸಿನ ರಾಜನದು" ಅಂತ ಬರೆದಿದ್ದಾರೆ.

ಫ್ರಾನ್ಸಿನ ರಾಜನ ಪುಸ್ತಕದಲ್ಲಿ ಪರ್ಷಿಯನ್‌ಗೆ ಏನು ಕೆಲಸ? ಅದೂ ಒಂದೇ ಪುಟದಲ್ಲಿ ಮೂರು ಲಿಪಿ? ನನಗಂತೂ ಕಂಪ್ಯೂಟರ್‌ನಲ್ಲಿ ಮಾಡಿದ್ದು ಅನ್ನಿಸುತ್ತಿದೆ. ಗೊತ್ತಿದ್ದವರು ಹೇಳಿ.

ತಗಾದೆತಮ್ಮ:
ಎಐ ಕೆಲಸ. ಥ್ರೆಡ್ ಮುಚ್ಚಿ.

ಹಾಳೆಹುಳ:
ಮುಚ್ಚಬೇಡಿ ಮಾರಾಯ್ರೇ. ಅಸಲಿ ಇದು. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ, ಅಲ್ಲಿನ ನಂಬರು ಎಂ. 638. ನೀವು ನೋಡಿದ್ದು 23ನೇ ಹಾಳೆಯ ಹಿಂಬದಿ ಇರಬೇಕು. ಬೈಬಲ್ ಕಥೆಯ ಸೌಲ ರಾಜ ಅಮ್ಮೋನಿಯರನ್ನು ಸದೆಬಡಿಯುವ ದೃಶ್ಯ. ಇಂಟರ್ನೆಟ್‌ನಲ್ಲಿ ಜಾಸ್ತಿ ಓಡಾಡುವುದು ಅದೇ ಪುಟ.

ಇದಕ್ಕೆ ನಾಲ್ಕು ಹೆಸರು. ಕ್ರುಸೇಡರ್ ಬೈಬಲ್, ಮಾರ್ಗನ್ ಬೈಬಲ್, ಮಾಚೆಯೋವ್‌ಸ್ಕಿ ಬೈಬಲ್, ಶಾ ಅಬ್ಬಾಸ್ ಬೈಬಲ್. ಯಾರ ಕೈಗೆ ಹೋಯಿತೋ ಅವರ ಹೆಸರು ಅಂಟಿಕೊಂಡಿದೆ, ಅಷ್ಟೇ. ಮಾಡಿದ್ದು ಸುಮಾರು 1244ರಿಂದ 1254ರ ಒಳಗೆ, ಪ್ಯಾರಿಸ್‌ನಲ್ಲಿ ಅಂತ ಹೆಚ್ಚಿನವರು ಒಪ್ಪುತ್ತಾರೆ. ರಾಜ ಅಂದರೆ ಒಂಬತ್ತನೇ ಲೂಯಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮಾಡಿದಾಗ ಈ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ಬರೀ ಚಿತ್ರ. ಒಂದೊಂದು ಪುಟದಲ್ಲಿ ಸಾಮಾನ್ಯವಾಗಿ ನಾಲ್ಕು ಚೌಕ, ಅದರಲ್ಲಿ ಹಳೆ ಒಡಂಬಡಿಕೆಯ ಕಥೆಗಳು, ಸೃಷ್ಟಿಯಿಂದ ದಾವೀದನವರೆಗೆ. ಸುತ್ತ ಅಗಲವಾದ ಖಾಲಿ ಅಂಚು. ಆಮೇಲೆ ಪುಸ್ತಕ ಊರೂರು ಸುತ್ತಿತು. ಸಿಕ್ಕವರು ತಮಗೆ ಓದಲು ಬರುವ ಲಿಪಿಯಲ್ಲಿ ಆ ಅಂಚಿನಲ್ಲಿ ಕಥೆ ಬರೆಸಿದರು. ಲ್ಯಾಟಿನ್ ಬಂದಿದ್ದು ಸುಮಾರು 1300ರಲ್ಲಿ, ಇಟಲಿಯಲ್ಲಿ. ಪರ್ಷಿಯನ್ 1600ರ ದಶಕದಲ್ಲಿ, ಇರಾನಿನ ಇಸ್ಫಹಾನ್‌ನಲ್ಲಿ. ಹೀಬ್ರೂ ಅಕ್ಷರದ್ದು ಅದಕ್ಕೂ ಆಮೇಲೆ. ಮೂರೂ ಬೇರೆ ಬೇರೆ ಶತಮಾನದ ಕೈಬರಹ. ನೀವು ನಕಲಿ ಅಂತ ಅನುಮಾನಪಟ್ಟ ಆ ಬರಹಗಳೇ ಈ ಪುಸ್ತಕದ ಪಹಣಿ ಪತ್ರ!

ಮಲೆನಾಡ್_ಮಳೆ:
ಪಹಣಿ 😂 ಮ್ಯುಟೇಶನ್ ಆಗಿದೆಯಾ ಕೇಳಿ.

ತಗಾದೆತಮ್ಮ:
ಸರಿ, ಅಸಲಿ ಅಂತಲೇ ಇಟ್ಟುಕೊಳ್ಳೋಣ. ಅದರಲ್ಲಿ ಲೂಯಿ ಹೆಸರು ಎಲ್ಲಾದರೂ ಬರೆದಿದೆಯಾ? ಅಕ್ಷರವೇ ಇರಲಿಲ್ಲ ಅಂದಮೇಲೆ ರಾಜನದು ಅಂತ ಹೇಗೆ ಗೊತ್ತು? ಯಾವ ಹಳೆ ವಸ್ತು ಸಿಕ್ಕಿದರೂ ಒಬ್ಬ ರಾಜನ ಹೆಸರು ಕಟ್ಟುವುದು ಎಲ್ಲ ಕಡೆ ಇರುವ ಚಟ.

ಹಾಳೆಹುಳ:
ಒಳ್ಳೇ ಪ್ರಶ್ನೆ ತಮ್ಮಾ. ಎಲ್ಲೂ ಬರೆದಿಲ್ಲ. ಲೂಯಿ ಹೆಸರು ಬಂದಿರುವುದು ಲೆಕ್ಕಾಚಾರದಿಂದ. ಚಿತ್ರದ ಶೈಲಿ, ಬಟ್ಟೆ, ಆಯುಧ ಎಲ್ಲ 1240ರ ದಶಕದ ಫ್ರಾನ್ಸಿನದು. ಖರ್ಚು ನೋಡಿದರೆ ಸಾಮಾನ್ಯ ಶ್ರೀಮಂತನ ಕೈಲಿ ಆಗುವ ಕೆಲಸವಲ್ಲ. ಕಥೆಗಳ ಆಯ್ಕೆಯನ್ನೂ ಗಮನಿಸಿ: ಯುದ್ಧ, ಪಟ್ಟಾಭಿಷೇಕ, ಒಳ್ಳೆಯ ರಾಜ, ಕೆಟ್ಟ ರಾಜ. ಅದೇ ಹೊತ್ತಿಗೆ ಲೂಯಿ ಜೆರುಸಲೇಮಿನ ಕಡೆ ಧರ್ಮಯುದ್ಧಕ್ಕೆ ಹೊರಡುವ ತಯಾರಿಯಲ್ಲಿದ್ದ. 1248ರಲ್ಲಿ ಪ್ಯಾರಿಸ್‌ನ ಸೇಂಟ್ ಶಾಪೆಲ್ ಪ್ರಾರ್ಥನಾ ಮಂದಿರದ ಪ್ರತಿಷ್ಠೆ ಆಯಿತು, ಅದೇ ವರ್ಷ ಹೊರಟ. 1250ರಲ್ಲಿ ಈಜಿಪ್ಟಿನಲ್ಲಿ ಸೆರೆ ಸಿಕ್ಕ, ಹಣ ಕೊಟ್ಟು ಬಿಡಿಸಿಕೊಂಡು 1254ರಲ್ಲಿ ವಾಪಸ್ ಬಂದ. ಇದನ್ನೆಲ್ಲ ಜೋಡಿಸಿ ಅವನದೇ ಇರಬೇಕು ಅನ್ನುತ್ತಾರೆ. ಪ್ಯಾರಿಸ್ ಅಲ್ಲ, ಉತ್ತರ ಫ್ರಾನ್ಸಿನ ಬೇರೆ ಊರು ಅನ್ನುವ ವಿದ್ವಾಂಸರೂ ಇದ್ದಾರೆ.

ತಗಾದೆತಮ್ಮ:
ಹಾಗಾದರೆ "ಇರಬೇಕು" ಅನ್ನಿ. "ರಾಜ ಅಂದರೆ ಒಂಬತ್ತನೇ ಲೂಯಿ" ಅಂತ ಷರಾ ಬರೆದಿದ್ದೀರಲ್ಲ ಮೇಲೆ.

ಕಡಲತೀರದವ:
ನಾನು ಸಂಡೇ ಸ್ಕೂಲ್‌ನಲ್ಲಿ ಬೆಳೆದವನು, ಚಿತ್ರ ನೋಡಿದರೆ ಕಥೆ ಗೊತ್ತಾಗುತ್ತದೆ. ಮೊದಲ ಸಲ ತಮಾಷೆ ಅನ್ನಿಸುವುದು ಗೊಲ್ಯಾತ. ಫಿಲಿಷ್ಟಿಯರ ದೈತ್ಯ ಅಲ್ವಾ, ಇಲ್ಲಿ 13ನೇ ಶತಮಾನದ ಫ್ರೆಂಚ್ ಸೈನಿಕನ ಥರ ಸರಪಳಿ ಅಂಗಿ ತೊಟ್ಟು ನಿಂತಿದ್ದಾನೆ. ಯೆಹೋಶುವನ ಸೈನ್ಯ ನೋಡಿದರೆ ಈಗಷ್ಟೇ ಪ್ಯಾರಿಸ್‌ನಿಂದ ಹೊರಟ ಹಾಗಿದೆ. ರೂತಳ ಕಥೆಯಲ್ಲಿ ಬಾರ್ಲಿ ಕೊಯ್ಯುವವರು ಸೆಕೆಗೆ ಮೇಲಿನ ಅಂಗಿ ಕಳಚಿ ಬರೀ ಒಳಚಡ್ಡಿಯಲ್ಲಿ ನಿಂತಿದ್ದಾರೆ. ಬೇತ್ಲೆಹೇಮ್ ಹೇಗಿತ್ತು ಅಂತ ಚಿತ್ರ ಬರೆದವರು ತಲೆ ಕೆಡಿಸಿಕೊಂಡೇ ಇಲ್ಲ. ತಮ್ಮ ಬೀದಿ, ತಮ್ಮ ಹೊಲ, ತಮ್ಮ ಕೋಟೆ ಬರೆದಿದ್ದಾರೆ.

ಕತ್ತಿಗುರಾಣಿ:
ಅದಕ್ಕೇ ನಮ್ಮಂಥವರಿಗೆ ಇದು ಬಂಗಾರ. 1250ರ ಸರಪಳಿ ಅಂಗಿ ಹೇಗೆ ತೊಡುತ್ತಿದ್ದರು, ಕಾಲಿಗೆ ಏನು ಕಟ್ಟುತ್ತಿದ್ದರು, ಕುದುರೆ ಜೀನು ಹೇಗಿತ್ತು, ಡೇರೆಯ ಹಗ್ಗ ಎಲ್ಲಿ ಕಟ್ಟುತ್ತಿದ್ದರು, ಎಲ್ಲಕ್ಕೂ ಈ ಪುಸ್ತಕ ನೋಡುತ್ತೇವೆ. ಕಲ್ಲು ಎಸೆಯುವ ಯಂತ್ರವೂ ಇದೆ, ಚೌಕಟ್ಟಿನಲ್ಲಿ ಹಿಡಿಸದೆ ಆಚೆ ಚಾಚಿದೆ.

ಇನ್ನೊಂದು ಮಜಾ ಇದೆ. ಕೆಲವು ಸೈನಿಕರ ಕೈಲಿ ಉದ್ದ ಹಿಡಿಯ, ಅಗಲ ಅಲಗಿನ ಒಂದು ವಿಚಿತ್ರ ಮಚ್ಚು ಇದೆ. ಹಳೆ ಆಯುಧದ ಹುಚ್ಚರೆಲ್ಲ ಅದನ್ನು ಮಾಚೆಯೋವ್‌ಸ್ಕಿ ಚಾಪರ್ ಅಂತಲೇ ಕರೆಯುವುದು. ಅಗೆದಾಗ ಸಿಕ್ಕ ಅಂಥ ಆಯುಧವನ್ನು ನಾನಂತೂ ಎಲ್ಲೂ ನೋಡಿಲ್ಲ. ಚಿತ್ರಗಾರ ಸುಮ್ನೆ ಕಲ್ಪಿಸಿಕೊಂಡು ಬರೆದನಾ ಅಥವಾ ನಿಜವಾಗಿಯೂ ಇತ್ತಾ ಅಂತ ಜಗಳ ಇನ್ನೂ ನಡೆದಿದೆ.

ಮಲೆನಾಡ್_ಮಳೆ:
ನಮ್ಮ ಕಡೆ ಅಡಿಕೆ ತೋಟಕ್ಕೆ ಬನ್ನಿ, ತೋರಿಸುತ್ತೇನೆ.

ಶಾಯಿಕಲೆ:
ಮೈಸೂರು ಶೈಲಿ ಚಿತ್ರ ಬರೆಯುವವಳು ನಾನು. "ಬಣ್ಣ ನಿನ್ನೆ ಹಚ್ಚಿದ ಹಾಗಿದೆ, ಅದಕ್ಕೇ ನಕಲಿ" ಅನ್ನುವ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು. ಗೋಡೆ ಚಿತ್ರ ಬಿಸಿಲು ಮಳೆಗೆ ಹಾಳಾಗುತ್ತದೆ. ಮುಚ್ಚಿಟ್ಟ ಪುಸ್ತಕದೊಳಗಿನ ಬಣ್ಣಕ್ಕೆ ಬೆಳಕೇ ತಾಗುವುದಿಲ್ಲ. ಮತ್ತೆ ಆ ಕಾಲದ ಬಣ್ಣ ಹೆಚ್ಚಾಗಿ ಕಲ್ಲಿನದು, ಲೋಹದ್ದು. ಸುಲಭಕ್ಕೆ ಮಾಸುವಂಥದ್ದಲ್ಲ.

ಆ ಕಾಲದ ಯುರೋಪಿನಲ್ಲಿ ಇಂಥ ಪುಸ್ತಕ ಮಾಡುತ್ತಿದ್ದ ರೀತಿ ಕೇಳಿ. ಹಾಳೆ ಅಂದರೆ ಕರುವಿನದೋ ಕುರಿಯದೋ ತೊಗಲು. ಅದನ್ನು ದಿನಗಟ್ಟಲೆ ಸುಣ್ಣದ ನೀರಲ್ಲಿ ನೆನೆ ಹಾಕಿ, ಕೂದಲು ಕೆರೆದು ತೆಗೆದು, ಮರದ ಚೌಕಟ್ಟಿಗೆ ಹಗ್ಗದಿಂದ ಬಿಗಿದು, ಅರ್ಧಚಂದ್ರದ ಆಕಾರದ ಕತ್ತಿಯಿಂದ ಹೆರೆಯುತ್ತಿದ್ದರು. ಒಣಗುತ್ತಾ ಬಂದ ಹಾಗೆ ಮತ್ತೆ ಬಿಗಿಯುವುದು, ಮತ್ತೆ ಹೆರೆಯುವುದು. ಈ ಪುಸ್ತಕದ ಹಾಳೆ ಸುಮಾರು 39 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಮಡಚಿದ ಜೋಡಿ ಹಾಳೆ ಅಂದರೆ 60 ಸೆಂ.ಮೀ. ಆಯಿತು. ಒಂದು ಕರುವಿನ ತೊಗಲಲ್ಲಿ ಅಷ್ಟು ದೊಡ್ಡ ಚೊಕ್ಕ ತುಂಡು ಒಂದು ಸಿಕ್ಕರೆ ಪುಣ್ಯ. ಈಗ ಉಳಿದಿರುವ ಹಾಳೆಗಳಿಗೇ ಇಪ್ಪತ್ತಕ್ಕೂ ಹೆಚ್ಚು ತೊಗಲು ಬೇಕು, ನೀವೇ ಲೆಕ್ಕ ಹಾಕಿ.

ಆಮೇಲೆ ಸೀಸದ ಕಡ್ಡಿಯಿಂದ ಗೆರೆ, ಚಿತ್ರದ ರೂಪರೇಖೆ. ಮೊದಲು ಚಿನ್ನ, ಆಮೇಲೆ ಬಣ್ಣ. ಈ ಕ್ರಮ ಯಾಕೆ ಅಂದರೆ ಚಿನ್ನದ ರೇಕು ಅಂಟಿಸಿ ಉಜ್ಜುವಾಗ ಪುಡಿ ಹಾರುತ್ತದೆ, ಹಸಿ ಬಣ್ಣ ಇದ್ದರೆ ಅದಕ್ಕೆ ಮೆತ್ತಿಕೊಳ್ಳುತ್ತದೆ. ರೇಕಿನ ಕೆಳಗೆ ನಾವು ಗೆಸ್ಸೋ ಹಾಕುತ್ತೇವಲ್ಲ, ಅವರೂ ಹಾಗೇ ಉಬ್ಬು ಬರುವ ಹಾಗೆ ಪದರ ಕೊಡುತ್ತಿದ್ದರು. ಹೊಳಪಿಗೆ ಉಜ್ಜಲು ನಯವಾದ ಕಲ್ಲು, ಇಲ್ಲವೇ ನಾಯಿಯ ಹಲ್ಲು. ನಗಬೇಡಿ, ಹಳೆ ಕಾಲದ ಕೈಪಿಡಿಗಳಲ್ಲೇ ಬರೆದಿದ್ದಾರೆ. ಬಣ್ಣ ಅಂಟಲು ಮೊಟ್ಟೆಯ ಬಿಳಿ ಅಥವಾ ಗೋಂದು. ಆ ಕಾಲದ ಅತಿ ದುಬಾರಿ ನೀಲಿ ಅಂದರೆ ಲ್ಯಾಪಿಸ್ ಲಜುಲಿ ಕಲ್ಲಿನದು. ಕಲ್ಲು ಬರುತ್ತಿದ್ದದ್ದು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಯಿಂದ.

ಮತ್ತೆ ಇದು ಒಬ್ಬರ ಕೈಯಲ್ಲ. ಆರೇಳು ಚಿತ್ರಗಾರರು ಕೆಲಸ ಮಾಡಿದ್ದಾರೆ ಅನ್ನುತ್ತಾರೆ. ಕುದುರೆಯ ಕಾಲು, ಬಟ್ಟೆಯ ಮಡಿಕೆ ಬರೆದ ರೀತಿ ನೋಡಿದರೆ ಕೈ ಬದಲಾದದ್ದು ಗೊತ್ತಾಗುತ್ತದೆ. ಒಬ್ಬರ ಹೆಸರೂ ಉಳಿದಿಲ್ಲ. ರಾಜನ ಹೆಸರಿಗೆ ಇಷ್ಟು ಜಗಳ ಆಡುತ್ತಿದ್ದೀರಿ, ಬರೆದವರ ಹೆಸರು ಒಬ್ಬರಾದರೂ ಕೇಳಿದಿರಾ?

ಕೋಟೆಕಲ್ಲು:
ಮೇಡಂ, ಸೂಪರ್. ನಾಯಿ ಹಲ್ಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಸರಿ, ಪ್ಯಾರಿಸ್‌ನಿಂದ ಇಟಲಿಗೆ ಹೇಗೆ ಹೋಯಿತು? ಅಲ್ಲಿಂದ ಇರಾನಿಗೆ?

ಹಾಳೆಹುಳ:
ಇಟಲಿಯದು ಮತ್ತೆ "ಇರಬೇಕು" ಲೆಕ್ಕವೇ, ತಗಾದೆತಮ್ಮ ಗಮನಿಸಿ. ಲೂಯಿಯ ತಮ್ಮ ಆಂಜೂವಿನ ಚಾರ್ಲ್ಸ್ 1266ರಲ್ಲಿ ನೇಪಲ್ಸ್, ಸಿಸಿಲಿ ಗೆದ್ದು ಅಲ್ಲಿ ರಾಜನಾದ. ಅವನ ಜತೆ ಪುಸ್ತಕ ಇಟಲಿಗೆ ಹೋಗಿರಬಹುದು ಅಂತ ಊಹೆ. ಲ್ಯಾಟಿನ್ ಬರೆದವರು ಇಟಲಿಯವರು ಅನ್ನುವುದಕ್ಕೆ ಅಕ್ಷರದ ರೀತಿಯೇ ಸಾಕ್ಷಿ.

ಅಲ್ಲಿಂದ ಸುಮಾರು ಮುನ್ನೂರು ವರ್ಷ ಕತ್ತಲು. ಆಮೇಲೆ ಪುಸ್ತಕ ಪೋಲೆಂಡಿನಲ್ಲಿ ಕಾಣಿಸಿಕೊಳ್ಳುತ್ತದೆ. ಕ್ರಾಕೋವ್‌ನ ಬಿಷಪ್, ಕಾರ್ಡಿನಲ್ ಬೆರ್ನಾರ್ಡ್ ಮಾಚೆಯೋವ್‌ಸ್ಕಿ. ಇಟಲಿಯಲ್ಲಿ ಓದಿದವನು, ಅಲ್ಲೇ ಸಿಕ್ಕಿರಬಹುದು. ಇಲ್ಲಿಂದ ಮುಂದೆ ಊಹೆ ಬೇಡ, ಅವನೇ ಪುಸ್ತಕದಲ್ಲಿ ಬರೆಸಿದ್ದಾನೆ: ಪರ್ಷಿಯಾದ ಮಹಾರಾಜನಿಗೆ ಈ ಕಾಣಿಕೆ, ಕ್ರಾಕೋವ್, 1604ರ ಸೆಪ್ಟೆಂಬರ್ 7. ತಮ್ಮಾ, ಇದು ದಾಖಲೆ. ಸಮಾಧಾನ ಆಯಿತಾ?

ತಗಾದೆತಮ್ಮ:
ಇದು ಆಯಿತು. ಲೂಯಿದು ಆಗಿಲ್ಲ.

ವಿಜಯಪುರದ_ಹುಡ್ಗ:
ಬಿಷಪ್ ಯಾಕ್ರೀ ಮುಸಲ್ಮಾನ ರಾಜನಿಗೆ ಬೈಬಲ್ ಕಳಿಸುತ್ತಾನೆ? ಮತಾಂತರ ಮಾಡೋಕಾ?

ಕಡಲತೀರದವ:
ಮುಖ್ಯವಾಗಿ ತುರ್ಕರ ವಿರುದ್ಧ. ಯುರೋಪಿನವರಿಗೂ ಒಟ್ಟೋಮನ್ ಸುಲ್ತಾನ ಶತ್ರು, ಪರ್ಷಿಯಾದ ರಾಜ ಶಾ ಅಬ್ಬಾಸ್‌ಗೂ ಶತ್ರು. ಶತ್ರುವಿನ ಶತ್ರು ಮಿತ್ರ. ಪೋಪ್ ಎಂಟನೇ ಕ್ಲೆಮೆಂಟ್ ಕಾರ್ಮೆಲೈಟ್ ಸನ್ಯಾಸಿಗಳ ಒಂದು ತಂಡವನ್ನು ಪರ್ಷಿಯಾಕ್ಕೆ ಕಳಿಸಿದ. ಜತೆಗೆ ಅಲ್ಲಿನ ಕ್ರೈಸ್ತರನ್ನು ಚೆನ್ನಾಗಿ ನೋಡಿಕೊಳ್ಳಿ ಅನ್ನುವ ಬೇಡಿಕೆಯೂ ಇತ್ತು. ಆ ತಂಡ ಕ್ರಾಕೋವ್ ಮೇಲೆ ಹಾದು ಹೋಗುವಾಗ ಕಾರ್ಡಿನಲ್ ಈ ಪುಸ್ತಕ ಕೊಟ್ಟ.

ಪಾಪ, ಅವರ ಪಾಡು ಕೇಳಬೇಡಿ. ಸಮುದ್ರದ ದಾರಿ ಬಿಟ್ಟು ಮಾಸ್ಕೋ, ಕ್ಯಾಸ್ಪಿಯನ್ ದಾರಿ ಹಿಡಿದರು. ಆಗ ರಷ್ಯಾದಲ್ಲಿ ಸಿಂಹಾಸನಕ್ಕೆ ಬಡಿದಾಟ, ನಾನೇ ರಾಜಕುಮಾರ ಅಂತ ಒಬ್ಬ ಸುಳ್ಳು ಡಿಮಿಟ್ರಿ ಬೇರೆ. ಅಲ್ಲೇ ಸಿಕ್ಕಿಬಿದ್ದರು. 1604ರಲ್ಲಿ ಹೊರಟವರು ಇಸ್ಫಹಾನ್ ಮುಟ್ಟುವಾಗ 1607 ಮುಗಿಯುತ್ತಿತ್ತು. ಅಷ್ಟರಲ್ಲಿ ಕಳಿಸಿದ ಪೋಪನೇ ತೀರಿಕೊಂಡಿದ್ದ. 1608ರ ಜನವರಿಯಲ್ಲಿ ಶಾ ಕೈಗೆ ಪುಸ್ತಕ ಸೇರಿತು. ಕೊಟ್ಟ ಕಾರ್ಡಿನಲ್ ಕೂಡ ಅದೇ 1608ರಲ್ಲಿ ಸತ್ತ.

ಹಾಳೆಹುಳ:
ಶಾ ಕಾಣಿಕೆಯನ್ನು ಪಕ್ಕಕ್ಕೆ ಎತ್ತಿಟ್ಟು ಮರೆಯಲಿಲ್ಲ ಅನ್ನುವುದೇ ದೊಡ್ಡದು. ಒಂದೊಂದೇ ಪುಟ ತಿರುವಿ ನೋಡಿದನಂತೆ. ಯಾವ ಚಿತ್ರದಲ್ಲಿ ಏನಿದೆ ಅಂತ ಸನ್ಯಾಸಿಗಳಿಂದ ಹೇಳಿಸಿಕೊಂಡು ಪರ್ಷಿಯನ್‌ನಲ್ಲಿ ಬರೆಸಿದ. ತನ್ನ ಮೊಹರನ್ನೂ ಒತ್ತಿಸಿದ. ಆ ಮೊಹರು ಇವತ್ತಿಗೂ ಇದೆ.

ನೋಹ, ಮೋಶೆ, ದಾವೀದ ಇವರೆಲ್ಲ ಕುರಾನಿನಲ್ಲೂ ಬರುವವರೇ. ಹಾಗಾಗಿ ಶಾಗೆ ಇದು ಪರಕೀಯ ಕಥೆ ಅಲ್ಲ. ಅದೂ ಅವನದು ಚಿತ್ರದ ಪುಸ್ತಕ ಅಂದರೆ ಪ್ರಾಣ ಬಿಡುವ ಮನೆತನ, ಸಫವಿಗಳು.

ಶಾಯಿಕಲೆ:
ಬರೆಸಿದ ಕೈಯೂ ನಾಜೂಕಿನದು. ಚಿತ್ರದ ಮೇಲೆ ಒಂದು ಗೆರೆ ಎಳೆದಿಲ್ಲ. ಲ್ಯಾಟಿನ್ ಸಾಲು ಬಿಟ್ಟ ಜಾಗದಲ್ಲಿ ಸಣ್ಣಗೆ ಬರೆದಿದ್ದಾರೆ. ಈಗ ಸಿಕ್ಕಿದ್ದರೆ ನಮ್ಮವರು ಬಾಲ್ ಪೆನ್‌ನಲ್ಲಿ ದಪ್ಪ ನಂಬರು ಹಾಕಿ, ರಬ್ಬರ್ ಸ್ಟಾಂಪನ್ನು ಸರಿಯಾಗಿ ಮುಖದ ಮೇಲೆ ಒತ್ತುತ್ತಿದ್ದರು.

ಮಲೆನಾಡ್_ಮಳೆ:
ನಮ್ಮ ಊರಿನ ಲೈಬ್ರರಿ ಪುಸ್ತಕಗಳಲ್ಲಿ ಕೊನೇ ಪುಟ ಯಾವಾಗಲೂ ಇರುವುದಿಲ್ಲ. ಕಥೆಯ ಕೊನೆ ಏನಾಯಿತು ಅಂತ ಇವತ್ತಿಗೂ ಗೊತ್ತಿಲ್ಲದ ಕಾದಂಬರಿಗಳಿವೆ. ಇದರಲ್ಲಿ ಎಲ್ಲ ಪುಟ ಇವೆಯಾ?

ಹಾಳೆಹುಳ:
ಇಲ್ಲ. ಮಾರ್ಗನ್‌ನಲ್ಲಿ ಇರುವುದು 43 ಹಾಳೆ. ಎರಡು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಒಂದು ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಅಲ್ಲಿಗೆ 46. ಗೆಟ್ಟಿಯ ಹಾಳೆಯಲ್ಲಿ ಇರುವುದು ಅಬ್ಷಾಲೋಮನ ಕಥೆ.

ಕಡಲತೀರದವ:
ಅಲ್ಲೇ ಇದೆ ನೋಡಿ ಗುಮಾನಿ. ಅಬ್ಷಾಲೋಮ ದಾವೀದನ ಮಗ. ಅಪ್ಪನ ಮೇಲೇ ದಂಗೆ ಎದ್ದವನು. ಓಡುವಾಗ ತಲೆ ಮರದ ಕೊಂಬೆಗೆ ಸಿಕ್ಕಿಕೊಂಡು, ಕೊನೆಗೆ ಅಪ್ಪನ ಸೇನಾಪತಿಯ ಕೈಲಿ ಸತ್ತ. ಶಾ ಅಬ್ಬಾಸ್ ತಾನೇ 1615ರಲ್ಲಿ ಹಿರಿಯ ಮಗ ಸಫಿ ಮಿರ್ಜಾನನ್ನು ಸಂಚಿನ ಅನುಮಾನದ ಮೇಲೆ ಕೊಲ್ಲಿಸಿದ. ಆಮೇಲೆ ಇನ್ನಿಬ್ಬರು ಮಕ್ಕಳ ಕಣ್ಣು ಕೀಳಿಸಿದ. ಇಂಥ ಅಪ್ಪನಿಗೆ ದಂಗೆ ಎದ್ದ ಮಗನ ಕಥೆ ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸು ಬರುತ್ತದಾ? ಅವನೇ ಆ ಹಾಳೆ ತೆಗೆಸಿದ ಅಂತ ಹೇಳುವವರಿದ್ದಾರೆ.

ತಗಾದೆತಮ್ಮ:
ಸಾಕ್ಷಿ?

ಕಡಲತೀರದವ:
ಸಾಕ್ಷಿ ಇಲ್ಲ ತಮ್ಮಾ, ಗುಮಾನಿ ಅಂದೆನಲ್ಲ.

ತಗಾದೆತಮ್ಮ:
ಬೇಡವಾದ ಹಾಳೆ ಅಂದರೆ ಸುಟ್ಟು ಹಾಕಬೇಕಿತ್ತು. ಕಿತ್ತು ಜೋಪಾನವಾಗಿ ಎತ್ತಿಟ್ಟು ಪ್ಯಾರಿಸ್‌ಗೂ ಲಾಸ್ ಏಂಜಲೀಸ್‌ಗೂ ಮುಟ್ಟುವ ಹಾಗೆ ಬಿಟ್ಟನಾ? ಪುಸ್ತಕದ ಕೊನೆಯ ಭಾಗದ ಹಾಳೆಗಳು ಸಡಿಲ ಆಗಿ ಉದುರುವುದು ಮಾಮೂಲಿ. ಮಲೆನಾಡ್_ಮಳೆ ಅವರ ಲೈಬ್ರರಿಯಲ್ಲಿ ಶಾ ಅಬ್ಬಾಸ್ ಇದ್ದನಾ?

ಹಾಳೆಹುಳ:
ಈ ಸಲ ತಮ್ಮನ ಮಾತಲ್ಲಿ ಹುರುಳಿದೆ. ದಾವೀದನ ಕಥೆ ಪುಸ್ತಕದ ಕೊನೆಗೇ ಬರುತ್ತದೆ, ಉದುರುವ ಹಾಳೆಗಳೂ ಅವೇ. ಆದರೆ ಕೊನೆಯ ಹಾಳೆಯೊಂದೇ ಅಲ್ಲ, ಅದೇ ಕಥೆಯ ಹಾಳೆ ಯಾಕೆ ಹೋಯಿತು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೋಟೆಕಲ್ಲು:
ಹೀಬ್ರೂ ಬಾಕಿ ಇದೆ. ಅದನ್ನೂ ಶಾ ಬರೆಸಿದ್ದಾ?

ಹಾಳೆಹುಳ:
ಅಲ್ಲ. ಅಕ್ಷರ ಹೀಬ್ರೂ, ಭಾಷೆ ಪರ್ಷಿಯನ್. ಇರಾನಿನ ಯಹೂದಿಗಳು ಹಾಗೆ ಬರೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಕೊಂಕಣಿ, ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದಿಲ್ಲವೇ, ಹಾಗೆ. 1722ರಲ್ಲಿ ಅಫ್ಘನ್ನರು ಇಸ್ಫಹಾನ್‌ಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಊರು ಹಸಿವಿನಿಂದ ಸತ್ತಿತು, ಕೊನೆಗೆ ಆಗಿನ ಶಾ ಶರಣಾದ. ಅರಮನೆಯ ವಸ್ತುಗಳು ಚೆಲ್ಲಾಪಿಲ್ಲಿ ಆದವು. ಈ ಪುಸ್ತಕ ಆಗಲೇ ಹೊರಗೆ ಹೋಗಿರಬೇಕು. ಆಮೇಲೆ ಯಾರೋ ಒಬ್ಬ ಇರಾನಿ ಯಹೂದಿಯ ಕೈ ಸೇರಿ, ಅವನು ತನ್ನ ಬರಹ ಸೇರಿಸಿದ.

ನನಗೆ ಈ ಪುಸ್ತಕದಲ್ಲಿ ತುಂಬ ಹಿಡಿಸುವುದು ಈ ಹೆಸರಿಲ್ಲದ ಮನುಷ್ಯನೇ. ಮೂಲದಲ್ಲಿ ಈ ಕಥೆಗಳೆಲ್ಲ ಯಹೂದಿಗಳದು. ಅವರ ಕಥೆಯನ್ನು ಫ್ರೆಂಚರು ತಮ್ಮ ಯುದ್ಧದ ವೇಷ ಹಾಕಿಸಿ ಬರೆದರು, ಇಟಲಿಯವರು ಲ್ಯಾಟಿನ್‌ನಲ್ಲಿ ವಿವರಿಸಿದರು, ಶಾ ಪರ್ಷಿಯನ್‌ನಲ್ಲಿ ಹೇಳಿಸಿದ. ಐನೂರು ವರ್ಷ ಆದಮೇಲೆ ಒಬ್ಬ ಯಹೂದಿ ಉಳಿದ ಚೂರು ಅಂಚಿನಲ್ಲಿ "ಇದು ಇಂಥ ಕಥೆ" ಅಂತ ಬರೆದ. ಅಂದ ಹಾಗೆ, ಒಂಬತ್ತನೇ ಲೂಯಿ ಪ್ಯಾರಿಸ್‌ನಲ್ಲಿ ಯಹೂದಿಗಳ ತಾಲ್ಮುದ್ ಗ್ರಂಥಗಳನ್ನು ಗಾಡಿಗಟ್ಟಲೆ ಸುಡಿಸಿದವನು, ಅದೇ 1240ರ ದಶಕದಲ್ಲಿ.

ಮಲೆನಾಡ್_ಮಳೆ:
ಇದು ಗೊತ್ತಿರಲಿಲ್ಲ.

ವಿಜಯಪುರದ_ಹುಡ್ಗ:
ಇಸ್ಫಹಾನ್ ಅಂದರೆ ನಮಗೆ ಬಿಜಾಪುರ ನೆನಪಾಗದೆ ಇರುತ್ತದಾ. ಶಾ ಅಬ್ಬಾಸ್ ಕಾಲಕ್ಕೇ ಇಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾ ಆಳುತ್ತಿದ್ದ. ಅವನಿಗೂ ಚಿತ್ರದ ಹುಚ್ಚು. ಅವನ ತಂದೆಯ ಸೋದರ, ಅವನಿಗಿಂತ ಮೊದಲು ಆಳಿದ ಅಲಿ ಆದಿಲ್ ಶಾ ಕಾಲದ ನುಜೂಮ್ ಅಲ್ ಉಲೂಮ್ ಅನ್ನುವ ಚಿತ್ರದ ಪುಸ್ತಕ, 1570ರದ್ದು, ಈಗ ಎಲ್ಲಿದೆ ಗೊತ್ತಾ? ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಲೈಬ್ರರಿಯಲ್ಲಿ. ಅಸಾರ್ ಮಹಲ್‌ನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್‌ಗೆ ಸಾಗಿಸಿದರು. ಮಹಲ್ ಮುಂದೆ ಕೊಳ ಇದೆ, ಒಳಗೆ ಪುಸ್ತಕ ಇಲ್ಲ. ಯಾರೋ ಪೋಲೆಂಡಿನವನ ಬೈಬಲ್ ಬಗ್ಗೆ ಇಷ್ಟು ಚರ್ಚೆ ಮಾಡುತ್ತೀರಿ, ನಮ್ಮದರ ಬಗ್ಗೆ ಒಂದು ಥ್ರೆಡ್ ಇಲ್ಲ.

ನಿರ್ವಾಹಕ:
ವಿಜಯಪುರದವರೇ, ಶುರು ಮಾಡಿ. ಪಿನ್ ಮಾಡುವುದು ನನ್ನ ಜವಾಬ್ದಾರಿ.

ನ್ಯೂಜೆರ್ಸಿ_ಅಕ್ಕ:
ತಡವಾಗಿ ಬಂದೆ. 2014ರ ಕೊನೆಯಲ್ಲಿ ಮಾರ್ಗನ್‌ನಲ್ಲಿ ಇದರ ಪ್ರದರ್ಶನ ಇತ್ತು, ನೋಡಿದ್ದೇನೆ. ಹಾಳೆಗಳು ಬಿಡಿ ಬಿಡಿಯಾಗಿದ್ದವು, ಹಾಗಾಗಿ ಒಂದೇ ಸಲ ಎಷ್ಟೋ ಪುಟ ನೋಡಲು ಸಿಕ್ಕಿತು. ಫೋಟೋದಲ್ಲಿ ಗೊತ್ತಾಗದ ವಿಷಯ ಒಂದು ಹೇಳುತ್ತೇನೆ. ಆ ಸರಪಳಿ ಅಂಗಿ ಇದೆಯಲ್ಲ, ದೂರದಿಂದ ಬೂದು ಬಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಕೊಂಡಿಗೂ ಒಂದೊಂದು ಪುಟ್ಟ ಕಮಾನು ಗೆರೆ. ಸಾಲು ಸಾಲು. ಒಂದು ಸಾಲು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಒಬ್ಬ ಸೈನಿಕನ ತೋಳಿನಲ್ಲೇ ನೂರಾರು. ಅಂಥ ಸೈನಿಕರು ಒಂದು ಚೌಕದಲ್ಲಿ ಹತ್ತಾರು. ಅದನ್ನು ಬರೆದ ಮನುಷ್ಯನ ಕಣ್ಣು ಏನಾಗಿರಬೇಡ!

ನನ್ನ ಪಕ್ಕ ಒಬ್ಬ ಇರಾನಿ ಅಜ್ಜ ನಿಂತಿದ್ದರು. ಎಲ್ಲರೂ ಚಿತ್ರ ನೋಡುತ್ತಿದ್ದರೆ ಅವರು ಅಂಚು ಓದುತ್ತಿದ್ದರು. ಮೊಮ್ಮಗಳಿಗೆ ಜೋರಾಗಿ ಓದಿ ಹೇಳುತ್ತಿದ್ದರು, ಕಾವಲುಗಾರ ಬಂದು ಮೆಲ್ಲಗೆ ಮಾತಾಡಿ ಅಂತ ಹೇಳಿ ಹೋದ.

ಕೋಟೆಕಲ್ಲು:
ಅಕ್ಕಾ, ನ್ಯೂಯಾರ್ಕಿಗೆ ಹೇಗೆ ಬಂತು? ಯಹೂದಿಯ ಮನೆಯಿಂದ ನೇರ ಅಮೆರಿಕಕ್ಕಾ?

ನ್ಯೂಜೆರ್ಸಿ_ಅಕ್ಕ:
ಇಲ್ಲಪ್ಪ, ಕೈರೋ ಮಾರ್ಗವಾಗಿ. ಜಾನ್ ಡಿ ಅಥನಾಸಿ ಅಂತ ಒಬ್ಬ ಗ್ರೀಕ್ ವ್ಯಾಪಾರಿ, ಈಜಿಪ್ಟಿನ ಹಳೆ ಸಾಮಾನು ಅಗೆದು ಮಾರುತ್ತಿದ್ದವನು. ಅವನ ಕೈಗೆ ಬಂದು, 1833ರಲ್ಲಿ ಲಂಡನ್‌ನ ಸೋದೆಬೀಸ್ ಹರಾಜಿಗೆ ಹೋಯಿತು. ಪೇನ್ ಅಂಡ್ ಫಾಸ್ ಅನ್ನುವ ಪುಸ್ತಕದಂಗಡಿಯವರು ಕೊಂಡು ಸರ್ ಥಾಮಸ್ ಫಿಲಿಪ್ಸ್‌ಗೆ ಮಾರಿದರು.

ಫಿಲಿಪ್ಸ್ ಕಥೆ ಕೇಳಿದರೆ ನಿಮ್ಮ ಮನೆಯಲ್ಲಿ ಪುಸ್ತಕ ಜಾಸ್ತಿ ಆಯಿತು ಅಂತ ಬೈಯುವವರು ಸುಮ್ಮನಾಗುತ್ತಾರೆ. ಜಗತ್ತಿನ ಪ್ರತಿ ಪುಸ್ತಕದ ಒಂದು ಪ್ರತಿ ತನ್ನ ಹತ್ತಿರ ಇರಬೇಕು ಅಂತ ಹಟ. ಹಸ್ತಪ್ರತಿಗಳೇ ಸುಮಾರು 60,000. ಮನೆ ತುಂಬ ಶವಪೆಟ್ಟಿಗೆ ಥರದ ಪೆಟ್ಟಿಗೆಗಳು. ಬೆಂಕಿ ಬಿದ್ದರೆ ತಟ್ಟನೆ ಎತ್ತಿಕೊಂಡು ಓಡಲು! ಸಾಲದಲ್ಲಿ ಮುಳುಗಿದ್ದ. ಅಳಿಯನ ಕಂಡರೆ ಆಗುತ್ತಿರಲಿಲ್ಲ. ಮನೆ ಅಳಿಯನ ಪಾಲಾಗುತ್ತದೆ ಅಂತ ಗೊತ್ತಾದಾಗ ನೂರಕ್ಕೂ ಹೆಚ್ಚು ಗಾಡಿಗಳಲ್ಲಿ ಪುಸ್ತಕ ಹೇರಿಸಿಕೊಂಡು ಚೆಲ್ಟನ್‌ಹ್ಯಾಮ್‌ಗೆ ಬಂದ. 1872ರಲ್ಲಿ ಸತ್ತ. ಅವನ ಪುಸ್ತಕ ಮಾರಿ ಮುಗಿಸಲು ನೂರು ವರ್ಷ ಹಿಡಿಯಿತು.

ಅವನ ಮನೆತನದಿಂದ 1916ರಲ್ಲಿ ಜೆ.ಪಿ. ಮಾರ್ಗನ್ ಜೂನಿಯರ್ ಕೊಂಡರು. ಅಪ್ಪ ಮಾರ್ಗನ್ 1913ರಲ್ಲೇ ತೀರಿಕೊಂಡಿದ್ದರು. ಇದರ ಹಿಂದಿನ ಬುದ್ಧಿ ಬೆಲ್ ಡ ಕೋಸ್ಟಾ ಗ್ರೀನ್ ಅವರದು, ಮಾರ್ಗನ್ ಗ್ರಂಥಪಾಲಕಿ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ ಅಟ್ಲಾಂಟಿಕ್ ದಾಟಿ ಲಂಡನ್‌ಗೆ ಹೋಗಿ ಪುಸ್ತಕ ಕೊಂಡ ಗಟ್ಟಿಗಿತ್ತಿ. ಹಾರ್ವರ್ಡ್ ಪದವಿ ಪಡೆದ ಮೊದಲ ಕಪ್ಪು ವರ್ಣೀಯನ ಮಗಳು. ಆ ಕಾಲದ ಅಮೆರಿಕದಲ್ಲಿ ಅದು ಗೊತ್ತಾದರೆ ಕೆಲಸ ಸಿಗುತ್ತಿರಲಿಲ್ಲ. ಪೋರ್ಚುಗೀಸ್ ಮೂಲ ಅಂತ ಹೇಳಿಕೊಂಡು ಬದುಕಿದರು. 1924ರಲ್ಲಿ ಗ್ರಂಥಾಲಯ ಸಾರ್ವಜನಿಕ ಸಂಸ್ಥೆ ಆದಾಗ ಅದರ ಮೊದಲ ನಿರ್ದೇಶಕಿ ಅವರೇ.

ವಿಜಯಪುರದ_ಹುಡ್ಗ:
ಕೊನೆಗೆ ದುಡ್ಡಿದ್ದವನ ಮನೆ ಸೇರಿತು ಅನ್ನಿ. ನ್ಯಾಯವಾಗಿ ಇದು ಇರಾನಿನದು ಅಲ್ವಾ? ಶಾಗೆ ಕೊಟ್ಟ ಕಾಣ್ಕೆ. ಲೂಟಿಯಲ್ಲಿ ಹೋಗಿದ್ದು. ವಾಪಸ್ ಕೊಡಬೇಕು.

ಕಡಲತೀರದವ:
ಲೂಟಿ ಮಾಡಿದ್ದು ಅಫ್ಘನ್ನರು, ಅದೂ ಹಾಗಾಗಿರಬೇಕು ಅನ್ನುವ ಮಾತು. ಮಾರ್ಗನ್ ಇದನ್ನು ಫಿಲಿಪ್ಸ್ ಮನೆತನದಿಂದ ದುಡ್ಡು ಕೊಟ್ಟು ಕೊಂಡಿದ್ದು.

ವಿಜಯಪುರದ_ಹುಡ್ಗ:
ಕದ್ದ ಬೈಕನ್ನು ದುಡ್ಡು ಕೊಟ್ಟು ಕೊಂಡರೆ ಪೊಲೀಸರು ಬಿಡುತ್ತಾರಾ?

ಹಾಳೆಹುಳ:
ಇರಾನಿನಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಅಂತಲೂ ನೋಡಿ. ಶಾ ಅಬ್ಬಾಸ್ ತನ್ನ ಅಮೂಲ್ಯ ಪರ್ಷಿಯನ್ ಪುಸ್ತಕಗಳನ್ನು ಅರ್ದಬಿಲ್‌ನ ದರ್ಗಾಕ್ಕೆ ವಕ್ಫ್ ಮಾಡಿದ, ಅದೇ 1608ರ ಸುಮಾರಿಗೆ. ಈ ಬೈಬಲ್ ಅಲ್ಲಿಗೆ ಹೋಗಲಿಲ್ಲ. 1828ರಲ್ಲಿ ರಷ್ಯಾದ ಸೈನ್ಯ ಅರ್ದಬಿಲ್ ಹಿಡಿದು ಆ ಪುಸ್ತಕಗಳನ್ನು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊತ್ತೊಯ್ದಿತು. ಇವತ್ತಿಗೂ ಅಲ್ಲೇ ಇವೆ. ಅದು ದಾಖಲೆ ಇರುವ ಲೂಟಿ. ವಾಪಸ್ ಕೇಳುವುದಿದ್ದರೆ ಮೊದಲು ಅದನ್ನು ಕೇಳಬೇಕು.

ವಿಜಯಪುರದ_ಹುಡ್ಗ:
ಎರಡನ್ನೂ ಕೇಳಬಹುದಲ್ರೀ. ಒಂದೇ ಅರ್ಜಿಯಲ್ಲಿ.

ಶಾಯಿಕಲೆ:
ಫ್ರಾನ್ಸ್, ಇಟಲಿ, ಪೋಲೆಂಡ್, ಇರಾನ್, ಇಂಗ್ಲೆಂಡ್ ಐವರೂ ಅರ್ಜಿ ಹಾಕಲಿ. ನನಗೆ ಪುಟ ದೊಡ್ಡದು ಮಾಡಿ ನೋಡಲು ಸಿಕ್ಕರೆ ಸಾಕು. ಎಲ್ಲ ಪುಟಗಳೂ ಮಾರ್ಗನ್ ವೆಬ್‌ಸೈಟ್‌ನಲ್ಲಿ ಇವೆ, ಕಾಸು ಕೊಡಬೇಕಿಲ್ಲ. ಮೂರೂ ಬರಹಗಳಲ್ಲಿ ಏನಿದೆ ಅಂತ ಇಂಗ್ಲಿಷ್‌ನಲ್ಲೂ ಕೊಟ್ಟಿದ್ದಾರೆ. ಬಣ್ಣ ಕಲಿಯುವವರು ಒಂದು ಕೆಲಸ ಮಾಡಿ: ಯುದ್ಧದ ಪುಟ ಬಿಡಿ, ಬತ್ಷೆಬೆ ಸ್ನಾನ ಮಾಡುವ 41ನೇ ಹಾಳೆಯ ಹಿಂಬದಿ ನೋಡಿ. ಬಟ್ಟೆಯ ಮಡಿಕೆಗೆ ಎಷ್ಟು ಪದರ ಬಣ್ಣ ಕೊಟ್ಟಿದ್ದಾರೆ ಎಣಿಸಿ.

ಕೋಟೆಕಲ್ಲು:
ನೋಡುತ್ತಾ ಕೂತಿದ್ದೇನೆ, ಊಟಕ್ಕೆ ಕರೆದರೂ ಏಳಲು ಆಗುತ್ತಿಲ್ಲ. ಸಂಸೋನ ಗಾಜಾ ಊರಿನ ಬಾಗಿಲು ಕಿತ್ತು ಹೆಗಲ ಮೇಲೆ ಹೊತ್ತು ಹೋಗುವ ಚಿತ್ರ ಯಾರಾದರೂ ನೋಡಿ.

ತಗಾದೆತಮ್ಮ:
ನಾನೂ ನೋಡಿದೆ. ಪುಸ್ತಕ ಚೆನ್ನಾಗಿದೆ, ಒಪ್ಪಿದೆ. ಲೂಯಿ ಹೆಸರು ಮಾತ್ರ 43 ಹಾಳೆಯಲ್ಲಿ ಎಲ್ಲೂ ಇಲ್ಲ.

ಹಾಳೆಹುಳ:
ಇನ್ನೂ ಮೂರು ಹಾಳೆ ಉಳಿದಿವೆ, ಪ್ಯಾರಿಸ್‌ಗೆ ಟಿಕೆಟ್ ಮಾಡಿಸು.

ಕತ್ತಿಗುರಾಣಿ:
ನಾನು ಕೇಳಿದ ಮಚ್ಚಿನ ವಿಷಯ ಯಾರೂ ಮುಟ್ಟಲೇ ಇಲ್ಲ. ಮಲೆನಾಡಿನವರೇ, ನಿಮ್ಮ ಕತ್ತಿಯ ಹಿಡಿ ಎಷ್ಟು ಉದ್ದ? ಎರಡೂ ಕೈಯಲ್ಲಿ ಹಿಡಿಯಬಹುದಾ? ಒಂದು ಫೋಟೋ ಹಾಕಿ.

ನಿರ್ವಾಹಕ:
ಆಯುಧದ ಫೋಟೋ ಇಲ್ಲಿ ಬೇಡ, "ಹಳೆ ಆಯುಧ" ವಿಭಾಗಕ್ಕೆ ಹೋಗಿ. ಈ ಥ್ರೆಡ್ ತೆರೆದೇ ಇರುತ್ತದೆ.